ಪಂದ್ಯದ ಕಾರುಗಳ ಗತಿ

ಮುಪ್ಪಾದ ಪಂದ್ಯದ ಕುದುರೆಗೆ ಲಾಯದಲ್ಲೊಂದು ಹಿಡಿ ಹುಲ್ಲಾದರೂ ಸಿಕ್ಕೀತು. ಹಳತಾದ ಪಂದ್ಯದ ಕಾರಿಗೆ ಕುಲುಮೆಯೇ ಗತಿ.

ಜರ್ಮನಿಯ ಜ್ವಿಕಾವ್ ನಗರದ ಆಟೋ ಯೂನಿಯನ್ ಕಾರುಗಳ ಕಥೆಯನ್ನೇ ನೋಡಿ. 1934ರಿಂದ 1939ರವರೆಗೆ ಅವು ಯುರೋಪಿನ ಪಂದ್ಯಗಳಲ್ಲಿ ಮೆರೆದುವು. ಫರ್ಡಿನಾಂಡ್ ಪೋರ್ಷೆ ರೂಪಿಸಿದ ಮೊದಲ ಕಾರುಗಳಲ್ಲಿ 16 ಸಿಲಿಂಡರುಗಳ ಎಂಜಿನು ಚಾಲಕನ ಬೆನ್ನ ಹಿಂದಿತ್ತು. ಯುದ್ಧಕಾಲದಲ್ಲಿ ಗಣಿಯೊಂದರಲ್ಲಿ ಬಚ್ಚಿಟ್ಟಿದ್ದ ಈ ಕಾರುಗಳನ್ನು 1945ರಲ್ಲಿ ಸೋವಿಯತ್ ಸೇನೆ ಕೊಂಡೊಯ್ದಿತು. ಅಲ್ಲಿಯ ಎಂಜಿನಿಯರುಗಳು ಅವನ್ನು ಬಿಚ್ಚಿ ಪರೀಕ್ಷಿಸಿದರು. ಕುತೂಹಲ ತಣಿದ ಮೇಲೆ ಹೆಚ್ಚಿನವು ಗುಜರಿಯಾದುವು. ಮಾಸ್ಕೋದ ಜಿಲ್ ಕಾರ್ಖಾನೆಯಲ್ಲಿ ಅದೇ ಗತಿ ಕಾದಿದ್ದ ಒಂದನ್ನು 1976ರಲ್ಲಿ ವಿಕ್ಟರ್ಸ್ ಕುಲ್ಬೆರ್ಗ್ಸ್ ಎಂಬವರು ಲಾಟ್ವಿಯದ ರೀಗಾ ನಗರಕ್ಕೆ ತಂದು ಉಳಿಸಿದರು. ಮುಂದೆ ಅದು ಜರ್ಮನಿಗೆ ಮರಳಿತು. ಕಾಪಾಡಿದ ರೀಗಾದ ಪಾಲಿಗೆ ಉಳಿದುದು ಪ್ರತಿಕೃತಿ!

ಇಂಥಲ್ಲಿ ನಮ್ಮ ತೇರದಾಳದ ಬಸದಿ ನೆನಪಾಗುತ್ತದೆ. 1122ರಲ್ಲಿ ಅದನ್ನು ಕಟ್ಟಿಸಿದ ಗೊಂಕನ ಹೆಸರನ್ನು ಶಾಸನ ಇಂದಿಗೂ ಹೇಳುತ್ತಿದೆ. ಕಲ್ಲನ್ನು ಕರಗಿಸಿ ಮತ್ತೊಂದು ಮಾಡಲು ಬಾರದು. ಲೋಹಕ್ಕೆ ಆ ಭಾಗ್ಯವಿಲ್ಲ. ತೂಕಕ್ಕೆ ಬೆಲೆಯಿರುವುದೇ ಅದಕ್ಕೆ ಮುಳುವು. ಆದ್ದರಿಂದ ಯಂತ್ರದ ಚರಿತ್ರೆ ಉಳಿಯಬೇಕಾದರೆ, ಅದು ಕೆಲಸಕ್ಕೆ ಬಾರದ ದಿನವೂ ಅದನ್ನು ಬೇಕೆನ್ನುವ ಒಬ್ಬ ಕುಲ್ಬೆರ್ಗ್ಸ್ ಬೇಕು.