ವಾಲ್‌ಹೈಮ್ ಆಟದಲ್ಲಿ ಇಳಿಜಾರು ನೆಲದ ಮೇಲಿನ ನಿರ್ಮಾಣ

ವಾಲ್‌ಹೈಮ್ ಸ್ವೀಡನ್ನಿನ ಐರನ್ ಗೇಟ್ ಸ್ಟುಡಿಯೊ ರೂಪಿಸಿದ, ಉಳಿವಿಗಾಗಿ ಹೋರಾಡುವ ವಿಡಿಯೊ ಆಟ. ಇದು 2021ರ ಫೆಬ್ರುವರಿ 2ರಂದು ಅರ್ಲಿ ಆಕ್ಸೆಸ್ ರೂಪದಲ್ಲಿ ಬಿಡುಗಡೆಯಾಯಿತು. ನಾರ್ಸ್ ಪುರಾಣಗಳಿಂದ ಪ್ರೇರಿತವಾದ ಇದರ ಲೋಕದಲ್ಲಿ ಏರುತಗ್ಗಿನ ನೆಲವೇ ಹೆಚ್ಚು.

ನೆಲದ ಸಿದ್ಧತೆ

ಗುದ್ದಲಿಯಿಂದ ನೆಲವನ್ನು ಸಮತಟ್ಟಾಗಿಸಬಹುದು. ಕಲ್ಲುಗಳನ್ನು ವ್ಯಯಿಸಿ ಎತ್ತರಿಸಬಹುದು. ತಗ್ಗಿಸಲು ಪಿಕಾಸಿಯಿಂದ ಅಗೆಯಬೇಕು.

ಆಧಾರದ ನಿಯಮ

ಸುತ್ತಿಗೆ ಹಿಡಿದು ಕಟ್ಟಡದ ಭಾಗವೊಂದನ್ನು ನೋಡಿದಾಗ ಅದರ ಬಣ್ಣವು ಆಧಾರದ ಬಲವನ್ನು ಸೂಚಿಸುತ್ತದೆ. ನೆಲಕ್ಕೆ ತಾಗಿದ ಭಾಗ ನೀಲಿ. ನೆಲದಿಂದ ದೂರವಾದಂತೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಕೆಂಪು. ಕೆಂಪಿನ ಆಚೆಗೆ ಜೋಡಿಸಿದ ಭಾಗ ಮುರಿದು ಬೀಳುತ್ತದೆ. ಆದ್ದರಿಂದ ಇಳಿಜಾರಿನ ತಗ್ಗು ಬದಿಯಲ್ಲಿ ಕಂಬಗಳು ನೆಲವನ್ನು ಮುಟ್ಟುವಂತೆ ಊರುವುದು ಅವಶ್ಯ. ಕಬ್ಬಿಣದಿಂದ ಬಲಪಡಿಸಿದ ಮರದ ಕಂಬಗಳು ಸಾಧಾರಣ ಮರದವುಗಳಿಗಿಂತ ಹೆಚ್ಚು ಎತ್ತರಕ್ಕೆ ಆಧಾರ ನೀಡುತ್ತವೆ. ಅಡಿಪಾಯದ ಕೆಳಗಿನ ಮಣ್ಣನ್ನು ಅಗೆದರೆ ಅದನ್ನೇ ಅವಲಂಬಿಸಿದ ಮೇಲಿನ ಭಾಗಗಳೂ ಕುಸಿಯುತ್ತವೆ.