ಎಳೆಯ ಮಕ್ಕಳಿಗೆ ಪರೀಕ್ಷೆ: ಚಿಕ್ಕಬಳ್ಳಾಪುರ ಸೀಮೆಯಿಂದ ಒಂದು ನೋಟ

ಎಳೆಯ ಮಕ್ಕಳನ್ನು ಪ್ರಶ್ನೆಪತ್ರಿಕೆಯ ಮುಂದೆ ಕೂರಿಸುವುದು ಸರಿಯೇ ಎಂಬ ವಾದ ಸರ್ಕಾರಿ ಅನುದಾನದಷ್ಟೇ ಹಳೆಯದು. ಇಂಗ್ಲೆಂಡಿನಲ್ಲಿ 1862ರಲ್ಲಿ ಬಂದ ಪರಿಷ್ಕೃತ ಸಂಹಿತೆಯ ಪ್ರಕಾರ ಇನ್‌ಸ್ಪೆಕ್ಟರು ಆರೇಳು ವರ್ಷದ ಮಕ್ಕಳ ಓದು, ಬರಹ, ಲೆಕ್ಕವನ್ನೂ ಪರೀಕ್ಷಿಸುತ್ತಿದ್ದರು. ಶಾಲೆಗೆ ಸಿಗುವ ಹಣ ಅದರ ಮೇಲೆ ನಿಂತಿತ್ತು. ಮಕ್ಕಳು ಪಾಠವನ್ನು ಉರು ಹೊಡೆದು ಒಪ್ಪಿಸಿದರು, ಇನ್‌ಸ್ಪೆಕ್ಟರು ಗುರುತು ಹಾಕಿದರು. ಇದೇ ಫಲಿತಾಂಶ-ಅನುದಾನದ ಪದ್ಧತಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಕನ್ನಡ ನಾಡಿನಲ್ಲಿ ಜನರ ನೆನಪಿನಲ್ಲಿ ಉಳಿದ ಸಾರ್ವಜನಿಕ ಪರೀಕ್ಷೆಗಳು, ಅಂದರೆ ಹಳೇ ಮೈಸೂರಿನ ಎಲ್.ಎಸ್. (ಲೋಯರ್ ಸೆಕೆಂಡರಿ) ಮತ್ತು ಮುಂಬೈ ಕರ್ನಾಟಕದ ಮುಲ್ಕಿ, ಮೇಲಿನ ತರಗತಿಗಳವು. ಒಂದನೇ, ಎರಡನೇ ತರಗತಿಯವರ ತೇರ್ಗಡೆ ಹೆಚ್ಚಾಗಿ ಮೇಷ್ಟ್ರ ಕೈಯಲ್ಲೇ ಇತ್ತು.

ಎಳೆಯರಿಗೆ ಬೇರೆ ಬಗೆಯಲ್ಲಿ ಕಲಿಸುವ ದಾರಿಯೊಂದು ಚಿಕ್ಕಬಳ್ಳಾಪುರ ಸೀಮೆಯ ನೆರೆಯಲ್ಲೇ ಹುಟ್ಟಿತು. ಜಿಲ್ಲೆಯ ಚಿಂತಾಮಣಿಯಿಂದ ಮದನಪಲ್ಲಿ ರಸ್ತೆ ಹಿಡಿದು ಆಂಧ್ರದ ಗಡಿ ದಾಟಿದರೆ ರಿಷಿ ವ್ಯಾಲಿ ಸಿಗುತ್ತದೆ. ಜೆ. ಕೃಷ್ಣಮೂರ್ತಿಯವರ ಚಿಂತನೆಯಿಂದ ಬೆಳೆದ ಈ ವಿದ್ಯಾಸಂಸ್ಥೆ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಾರ್ಡುಗಳ ಮೂಲಕ ಕಲಿಸುವ ಕ್ರಮವೊಂದನ್ನು ರೂಪಿಸಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ‘ನಲಿ-ಕಲಿ’ಗೆ ಇದೇ ಮಾದರಿ. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಹರಡಿತು. ಶಿಡ್ಲಘಟ್ಟ, ಗೌರಿಬಿದನೂರಿನ ಹಳ್ಳಿಗಳಿಗೆ ನೆರೆಸೀಮೆಯ ಪದ್ಧತಿ ಮೈಸೂರಿನ ಸುತ್ತುಹಾದಿಯಲ್ಲಿ ಬಂದಂತಾಯಿತು.

ನಲಿ-ಕಲಿಯಲ್ಲಿ ಪರೀಕ್ಷೆಯೇ ಇಲ್ಲ ಎನ್ನುವುದು ತಪ್ಪು ತಿಳಿವಳಿಕೆ. ‘ಕಲಿಕಾ ಏಣಿ’ ಎನ್ನುವ ಕಲಿಕೆಯ ಹಂತಗಳ ಸಾಲಿನ ಪ್ರತಿ ಮೈಲಿಗಲ್ಲಿನಲ್ಲೂ ಮೌಲ್ಯಮಾಪನದ ಕಾರ್ಡು ಇರುತ್ತದೆ. ಮಗು ಅದನ್ನು ಮಾಡಿದರೆ ಮುಂದಿನ ಮೆಟ್ಟಿಲು. ಆಗದಿದ್ದರೆ ಪೂರಕ ಚಟುವಟಿಕೆ, ಮತ್ತೆ ಅದೇ ಕಾರ್ಡು. ಗುರುತು ಪ್ರಗತಿನೋಟದಲ್ಲಿ ದಾಖಲಾಗುತ್ತದೆ. ಎಲ್ಲರಿಗೂ ಒಂದೇ ದಿನ, ಒಂದೇ ಗಂಟೆ ಎಂಬುದಿಲ್ಲ, ನಪಾಸು ಎಂಬ ಮಾತೂ ಇಲ್ಲ. ಕ್ರಮದ ದೌರ್ಬಲ್ಯ ಬೇರೆಡೆ ಇದೆ: ಒಬ್ಬ ಶಿಕ್ಷಕಿ ಮೂರು ತರಗತಿಗಳ ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳುವಾಗ ಪ್ರಗತಿನೋಟ ಬರೀ ದಾಖಲೆ ತುಂಬುವ ಕೆಲಸವಾಗುವುದು ಸುಲಭ.

ಪರೀಕ್ಷೆ ಬೇಕೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಐದನೇ ತರಗತಿಗೆ ಬಂದರೂ ಎರಡನೇ ತರಗತಿಯ ಪಾಠ ಓದಲಾಗದ ಮಕ್ಕಳು ಬಹಳ ಇದ್ದಾರೆಂದು ‘ಅಸರ್’ ಸಮೀಕ್ಷೆ 2005ರಿಂದ ತೋರಿಸುತ್ತಾ ಬಂದಿದೆ. ಆದರೆ ಆ ಸಮೀಕ್ಷೆಯವರು ಮನೆಗೇ ಹೋಗಿ, ಒಂದೊಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಾಯಲ್ಲಿ ಓದಿಸಿ ನೋಡುತ್ತಾರೆ. ಬಾಯಲ್ಲಿ ಓದಿಸುವುದಕ್ಕೂ ಲಿಖಿತ ಪರೀಕ್ಷೆಗೂ ಇರುವ ಈ ವ್ಯತ್ಯಾಸಕ್ಕೆ ಗಡಿ ತಾಲ್ಲೂಕುಗಳಲ್ಲಿ ಹೆಚ್ಚಿನ ಬೆಲೆಯಿದೆ. ಗೌರಿಬಿದನೂರು, ಚಿಂತಾಮಣಿ ಕಡೆಯ ಅನೇಕ ಮನೆಗಳಲ್ಲಿ ಆಡುಮಾತು ತೆಲುಗು. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಕುಟುಂಬಗಳಲ್ಲಿ ಉರ್ದು ಮಾತಾಡುವವರು ಬಹಳ. ಶಾಲೆಗೆ ಬಂದ ಮೇಲೆ ಕನ್ನಡಕ್ಕೆ ಒಗ್ಗಿಕೊಳ್ಳುವ ಆರು ವರ್ಷದ ಮಗುವಿಗೆ ಕನ್ನಡದ ಲಿಖಿತ ಪ್ರಶ್ನೆಪತ್ರಿಕೆ ಕೊಟ್ಟರೆ, ಅಂಕವು ಕಲಿಕೆಗಿಂತ ಮನೆಮಾತನ್ನೇ ಹೆಚ್ಚು ಅಳೆದಿರುತ್ತದೆ. ಲೆಕ್ಕ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದ ಮಗು ಲೆಕ್ಕ ಬಾರದವರ ಪಟ್ಟಿಗೆ ಸೇರುತ್ತದೆ.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಯವರೆಗೆ ಬೋರ್ಡ್ ಪರೀಕ್ಷೆಯ ಕಡ್ಡಾಯವನ್ನೂ ಅನುತ್ತೀರ್ಣತೆಯನ್ನೂ ಕೈಬಿಟ್ಟು, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ತಂದಿತು. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಗೆ ವಾರ್ಷಿಕ ಪರೀಕ್ಷೆಯನ್ನು ಮತ್ತೆ ಒಳಗೆ ಬಿಟ್ಟಿತು. ತಮಿಳುನಾಡು ಅದೇ ವರ್ಷ ಈ ತರಗತಿಗಳಿಗೆ ಸಾರ್ವಜನಿಕ ಪರೀಕ್ಷೆ ಘೋಷಿಸಿ, ವಿರೋಧ ಎದ್ದ ಮೇಲೆ 2020ರ ಫೆಬ್ರುವರಿಯಲ್ಲಿ ಹಿಂತೆಗೆದುಕೊಂಡಿತು. ಕರ್ನಾಟಕ 2022ರ ಡಿಸೆಂಬರಿನಲ್ಲಿ ಇದೇ ತರಗತಿಗಳ ಪರೀಕ್ಷೆಗೆ ಸುತ್ತೋಲೆ ಹೊರಡಿಸಿತು. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಐದೇ ದಿನದಲ್ಲಿ ವಿಭಾಗೀಯ ಪೀಠ ಪರೀಕ್ಷೆಗೆ ಅವಕಾಶ ಕೊಟ್ಟಿತು. ಮರುವರ್ಷ ಗೊಂದಲ ಇನ್ನೂ ಬೆಳೆಯಿತು. ಮಾರ್ಚ್ 11ರಂದು ಶುರುವಾದ ಐದು, ಎಂಟು, ಒಂಬತ್ತನೇ ತರಗತಿಗಳ ಪರೀಕ್ಷೆ ಸುಪ್ರೀಂ ಕೋರ್ಟಿನ ಆದೇಶದಿಂದ ನಡುವೆಯೇ ನಿಂತು, ಹೈಕೋರ್ಟಿನ ತೀರ್ಪಿನ ಬಳಿಕ 25ರಂದು ಮುಂದುವರಿಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೂ ತಡೆ ನೀಡಿತು. ಹತ್ತು ವರ್ಷದ ಮಗುವಿನ ಪರೀಕ್ಷೆಯ ಕುರಿತ ಈ ವ್ಯಾಜ್ಯದಲ್ಲಿ ವಾದವೆಲ್ಲ ಬಹುಮಟ್ಟಿಗೆ ಸುತ್ತೋಲೆ, ಅಧಿಸೂಚನೆಗಳ ಕಾನೂನು ಕ್ರಮದ ಸುತ್ತಲೇ ಸುತ್ತಿತು. ಮಗು ಹೇಗೆ ಕಲಿಯುತ್ತದೆ ಎಂಬುದು ಹಿಂದೆ ಸರಿಯಿತು.

ಒತ್ತಡ ಮೇಲಿನಿಂದಲೂ ಇಳಿಯುತ್ತದೆ. 2020ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಚಿಕ್ಕಬಳ್ಳಾಪುರ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಿತ್ತು. ಜಿಲ್ಲೆಗಳಿಗೆ ಸ್ಥಾನ ಹಚ್ಚುವ ಈ ಅಭ್ಯಾಸ ಹತ್ತನೇ ತರಗತಿಯ ತಯಾರಿಯನ್ನು ಕೆಳಗಿನ ತರಗತಿಗಳಿಗೆ ಎಳೆಯುತ್ತದೆ. ಕೊನೆಗೆ ಅದು ಎಲ್‌ಕೆಜಿ ಸೇರ್ಪಡೆಯ ‘ಇಂಟರ್‌ವ್ಯೂ’ವರೆಗೂ ತಲುಪುತ್ತದೆ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಶಾಲಾಚೀಲದ ಭಾರದ ಬಗ್ಗೆ ಆಡಿದ ಮಾತಿನ ಬೆನ್ನಿಗೆ ನೇಮಕವಾದ ಯಶ್‌ಪಾಲ್ ಸಮಿತಿ, ಶಿಶುವಿಹಾರದ ಸೇರ್ಪಡೆಗೆ ಪರೀಕ್ಷೆ, ಸಂದರ್ಶನ ಕೂಡದೆಂದು 1993ರಲ್ಲೇ ಹೇಳಿತ್ತು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಆ ಹಂತಕ್ಕೆ ಪರೀಕ್ಷೆ ತಕ್ಕುದಲ್ಲ ಎಂದಿದೆ. ಇವು ಎರಡೂ ಶಿಫಾರಸುಗಳು. ಸೇರ್ಪಡೆಯಲ್ಲಿ ಮಗುವನ್ನು ಜರಡಿ ಹಿಡಿದರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ ಹಾಕುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗಾಗಿ ಬರೆದದ್ದು. ಪರೀಕ್ಷೆಯಿಂದ ಹೆಚ್ಚು ರಕ್ಷಣೆ ಬೇಕಾದ ಮೂರು, ನಾಲ್ಕು ವರ್ಷದ ಮಗು ಅದರ ವಯೋಮಿತಿಯ ಹೊರಗಿದೆ.