ಮಳೆಗಾಲದಲ್ಲಿ ನಿಲ್ಲಿಸಿದ ಕಾರಿನ ಹಿಂದಿನ ಬ್ರೇಕ್ ಹಿಡ್ಕೊಂಡ್ರೆ ಏನು ಮಾಡಬೇಕು?

ಪುನರ್ವಸು, ಪುಷ್ಯ ಮಳೆ ಹಿಡಿದರೆ ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆ ದಿನಗಟ್ಟಲೆ ಬಿಸಿಲು ಕಾಣೋದಿಲ್ಲ. ಭದ್ರಾ ತುಂಬಿ ಹೆಬ್ಬಾಳೆ ಸೇತುವೆ ಮೇಲೆ ನೀರು ಹರಿಯೋ ಹೊತ್ತಿಗೆ ಎಷ್ಟೋ ಮನೆಗಳ ಕಾರು ಅಂಗಳ ಬಿಟ್ಟು ಹೊರಡೋದೇ ಇಲ್ಲ. ಮೂರ್ನಾಲ್ಕು ದಿನ ಬಿಟ್ಟು ತೆಗೆದರೆ ಇಂಜಿನ್ ಸರಿಯಾಗೇ ಸ್ಟಾರ್ಟ್ ಆಗುತ್ತದೆ, ಹ್ಯಾಂಡ್ ಬ್ರೇಕ್ ಇಳಿಸಿದ್ದೂ ಆಗಿರುತ್ತದೆ. ಆದರೆ ಕ್ಲಚ್ ಬಿಡುತ್ತಿದ್ದಂತೆ ಹಿಂದಿನಿಂದ ಯಾರೋ ಹಿಡಿದು ಎಳೆದ ಹಾಗೆ ಕಾರು ಅಲ್ಲೇ ಕೂತುಬಿಡುತ್ತದೆ. ‘ಬ್ರೇಕ್ ಹಿಡ್ಕೊಂಡಿದೆ’ ಅನ್ನೋದು ಇದಕ್ಕೇ.

ಹೆಚ್ಚಿನ ಸಲ ಇದು ಐದು ನಿಮಿಷದಲ್ಲಿ ಬಿಡಿಸಿಕೊಳ್ಳಬಹುದಾದ ತೊಂದರೆ. ಅವಸರಕ್ಕೆ ಬಿದ್ದು ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ದೊಡ್ಡ ರಿಪೇರಿಯಾಗುತ್ತದೆ. ಇದಕ್ಕೆ ಹೆದರಿ ಏರು ಜಾಗದಲ್ಲೂ ಹ್ಯಾಂಡ್ ಬ್ರೇಕ್ ಹಾಕೋದನ್ನೇ ಬಿಟ್ಟರೆ ಜೀವಕ್ಕೇ ಅಪಾಯ. ಎರಡೂ ಆಗಬಾರದು.

ಯಾಕೆ ಹಿಡ್ಕೊಳ್ಳುತ್ತೆ?

ಆಲ್ಟೊ, ಓಮ್ನಿ, ಬೊಲೆರೊ ಸೇರಿದಂತೆ ಈ ಭಾಗದಲ್ಲಿ ಓಡೋ ಬಹುಪಾಲು ಕಾರು, ಪಿಕಪ್‌ಗಳ ಹಿಂದಿನ ಚಕ್ರದಲ್ಲಿ ಇರೋದು ಡ್ರಮ್ ಬ್ರೇಕ್. ಎರಕದ ಕಬ್ಬಿಣದ ಡ್ರಮ್ಮಿನ ಒಳಗೆ ಅರ್ಧಚಂದ್ರದ ಆಕಾರದ ಎರಡು ಬ್ರೇಕ್ ಶೂ ಇರುತ್ತವೆ. ಹ್ಯಾಂಡ್ ಬ್ರೇಕ್ ಎಳೆದರೆ ಕೇಬಲ್ ಆ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತಿ ಹಿಡಿಯುತ್ತದೆ. ಒದ್ದೆಯಾದ ಡ್ರಮ್ಮಿಗೆ ಶೂ ಒತ್ತಿಕೊಂಡು ದಿನಗಟ್ಟಲೆ ನಿಂತರೆ ನಡುವೆ ತುಕ್ಕು ಹಿಡಿಯುತ್ತದೆ, ಆ ತುಕ್ಕೇ ಎರಡನ್ನೂ ಅಂಟಿಸಿಬಿಡುತ್ತದೆ. ತೋಟದ ರಸ್ತೆಯ ಕೆಂಪು ಕೆಸರು ಒಳಗೆ ಸೇರಿದ್ದರೆ ತೇವ ಬೇಗ ಆರೋದೂ ಇಲ್ಲ. ಕಾರು ತೊಳೆದು ಹಾಗೇ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದರೂ ಕತೆ ಇದೇ.

ಎರಡನೇ ಕಾರಣ ಕೇಬಲ್. ಹೊರಗಿನ ಕವಚ ಹರಿದು ನೀರು ಹೊಕ್ಕರೆ ಒಳಗಿನ ತಂತಿ ತುಕ್ಕು ಹಿಡಿದು ಎಳೆದಲ್ಲೇ ನಿಲ್ಲುತ್ತದೆ. ಮೂರನೇದು ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್ ಕೆಟ್ಟು ಅದರ ಪಿಸ್ಟನ್ ಸಿಕ್ಕಿಕೊಳ್ಳೋದು. ಇವೆರಡು ಮನೆಯಲ್ಲಿ ಸರಿಯಾಗೋ ಕೆಲಸ ಅಲ್ಲ.

ಮೊದಲು ಇದನ್ನು ನೋಡಿ

ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿದೆಯಾ ನೋಡಿ. ಲಿವರ್ ಬಿಗಿಯೇ ಇಲ್ಲದೆ ಸಡಿಲವಾಗಿ ಜೋತು ಬಿದ್ದಿದ್ದರೆ ಕೇಬಲ್ ಮೇಲೆ ಅನುಮಾನ ಪಡಬೇಕು. ಹಿಂದಿನ ಟೈರಿನ ಒಳಬದಿ ಎಣ್ಣೆ ಸೋರಿದಂತೆ ಒದ್ದೆಯಾಗಿದ್ದರೆ, ಬಾನೆಟ್ ಒಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕಡಿಮೆಯಾಗಿದ್ದರೆ ವೀಲ್ ಸಿಲಿಂಡರ್ ಸೋರುತ್ತಿರಬಹುದು. ಆ ಗಾಡಿಯನ್ನು ಓಡಿಸಲೇಬೇಡಿ, ಮೆಕ್ಯಾನಿಕ್ಕನ್ನು ಜಾಗಕ್ಕೇ ಕರೆಸಿ.

ಬಿಡಿಸೋದು ಹೇಗೆ?

1. ಕಾರಿನ ಹಿಂದೆ, ಮುಂದೆ ಮಕ್ಕಳು, ದನ, ನಾಯಿ ಇಲ್ಲದ್ದನ್ನು ಖಾತ್ರಿ ಮಾಡಿಕೊಳ್ಳಿ. ಬ್ರೇಕ್ ಬಿಟ್ಟ ಕೂಡಲೇ ಗಾಡಿ ಚಂಗನೆ ಹಾರುತ್ತದೆ.

2. ಇಂಜಿನ್ ಸ್ಟಾರ್ಟ್ ಮಾಡಿ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಗಟ್ಟಿಯಾಗಿ ಒತ್ತಿ ಬಿಡಿ. ಲಿವರ್ ಸರಿಯಾಗಿ ಮೇಲೆ ಕೆಳಗೆ ಆಡುತ್ತಿದ್ದರೆ ಹ್ಯಾಂಡ್ ಬ್ರೇಕನ್ನೂ ಎರಡು ಸಲ ಎಳೆದು ಇಳಿಸಿ.

3. ರಿವರ್ಸ್ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಟ್ಟು ನೋಡಿ. ಆಮೇಲೆ ಫಸ್ಟ್ ಗೇರಿನಲ್ಲಿ. ಹೀಗೆ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿದರೆ ಹೆಚ್ಚಿನ ಸಲ ‘ಟಕ್’ ಅಂತ ಸದ್ದಾಗಿ ಬ್ರೇಕ್ ಬಿಡುತ್ತದೆ.

4. ನಾಲ್ಕೈದು ಸಲ ಆಡಿಸಿದರೂ ಬಿಡದಿದ್ದರೆ ಚಕ್ರ ಬಿಚ್ಚಬೇಕು. ಇದು ಸಮತಟ್ಟಾದ ಗಟ್ಟಿ ನೆಲದಲ್ಲಿ ಮಾತ್ರ ಮಾಡೋ ಕೆಲಸ. ಮುಂದಿನ ಎರಡೂ ಚಕ್ರಕ್ಕೆ ಎರಡೂ ಬದಿಯಿಂದ ಕಲ್ಲು ಕೊಡಿ. ಚಕ್ರ ನೆಲದಲ್ಲಿರೋವಾಗಲೇ ನಟ್ಟು ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಕೊಡಿ. ಚಕ್ರ ತೆಗೆದು ಡ್ರಮ್ಮಿನ ಅಂಚಿಗೆ ಸುತ್ತಲೂ ಮರದ ಅಥವಾ ರಬ್ಬರ್ ಸುತ್ತಿಗೆಯಿಂದ ಹದವಾಗಿ ಬಡಿಯಿರಿ. ಕಬ್ಬಿಣದ ಸುತ್ತಿಗೆಯೇ ಇದ್ದರೆ ನಡುವೆ ಮರದ ತುಂಡು ಇಡಿ. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿಡಿ, ಜಾಕ್ ಜಾರಿದರೆ ಗಾಡಿಗೆ ಅದೇ ಆಸರೆ. ಕಾರಿನ ಕೆಳಗೆ ಮಾತ್ರ ತೂರಬೇಡಿ.

ಓಮ್ನಿ, ಬೊಲೆರೊ ಇಟ್ಟುಕೊಂಡವರು ಒಂದು ಗಮನಿಸಬೇಕು. ಇವುಗಳಲ್ಲಿ ಇಂಜಿನ್ ತಿರುಗಿಸೋದು ಹಿಂದಿನ ಚಕ್ರವನ್ನು. ಹಿಂದಿನ ಒಂದು ಚಕ್ರ ಎತ್ತಿದರೆ ಗೇರಿನ ಹಿಡಿತ ತಪ್ಪುತ್ತದೆ. ಗೇರ್ ಹಾಕಿದ್ದೇನೆ ಅನ್ನೋ ಧೈರ್ಯದ ಮೇಲೆ ಜಾಕ್ ಕೊಡಬೇಡಿ, ಕಲ್ಲು ಇರಲೇಬೇಕು.

ಗುಂಡಿ ಒತ್ತಿ ಹಾಕೋ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರೋ ಹೊಸ ಕಾರಾದರೆ ಬಡಿಯೋ ಕೆಲಸಕ್ಕೆ ಹೋಗದೆ ಶೋರೂಮಿಗೆ ಅಥವಾ ಗೊತ್ತಿರೋ ಮೆಕ್ಯಾನಿಕ್ಕಿಗೆ ಫೋನ್ ಮಾಡಿ.

ಇವನ್ನು ಮಾಡಬೇಡಿ

ಆಕ್ಸಿಲರೇಟರ್ ಒತ್ತಿ ಎಳೆಯಬೇಡಿ. ಶೂ ಮೇಲಿನ ಲೈನರ್ ಕಿತ್ತು ಬಂದು ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ಚಕ್ರವೇ ಜಾಮ್. ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಿದರೂ ಇದೇ ಅಪಾಯ, ಜೊತೆಗೆ ತಿರುಗದ ಟೈರು ಒಂದೇ ಕಡೆ ಸವೆಯುತ್ತದೆ.

ಡ್ರಮ್ಮಿಗೆ ಸೀಮೆಎಣ್ಣೆ, ಡೀಸೆಲ್, ತುಕ್ಕು ಬಿಡಿಸೋ ಸ್ಪ್ರೇ ಯಾವುದನ್ನೂ ಹಾಕಬೇಡಿ. ಲೈನರಿಗೆ ಎಣ್ಣೆ ತಾಗಿದರೆ ಆ ಚಕ್ರದಲ್ಲಿ ಬ್ರೇಕೇ ಹಿಡಿಯೋದಿಲ್ಲ.

ಬಿಟ್ಟ ಮೇಲೆ, ಘಾಟಿ ಇಳಿಯೋ ಮುಂಚೆ

ಬ್ರೇಕ್ ಬಿಟ್ಟಿತು ಅಂತ ಸೀದಾ ಚಾರ್ಮಾಡಿ ಕಡೆ ತಿರುಗಿಸಬೇಡಿ. ಮೊದಲು ಖಾಲಿ ರಸ್ತೆಯಲ್ಲಿ ಮೆಲ್ಲಗೆ ಓಡಿಸುತ್ತಾ ಹಗುರವಾಗಿ ಬ್ರೇಕ್ ಒತ್ತಿ ಬಿಡಿ. ತುಕ್ಕಿನ ಪದರ ಉಜ್ಜಿ ಹೋಗುತ್ತದೆ, ತೇವವೂ ಆರುತ್ತದೆ. ಒಂದೆರಡು ಕಿಲೋಮೀಟರ್ ಆದಮೇಲೆ ನಿಲ್ಲಿಸಿ, ಹಿಂದಿನ ಎರಡೂ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಕಾವು ಜಾಸ್ತಿ ಇದ್ದರೆ, ಸುಟ್ಟ ವಾಸನೆ ಬಂದರೆ ಬ್ರೇಕ್ ಇನ್ನೂ ಉಜ್ಜುತ್ತಿದೆ ಅಂತಲೇ ಅರ್ಥ.

ಆಸ್ಪತ್ರೆ ಅಂತಲೋ ಮಕ್ಕಳ ಕಾಲೇಜು ಅಂತಲೋ ಮಂಗಳೂರಿಗೆ ಹೊರಡೋರಿಗೆ ಈ ಪರೀಕ್ಷೆ ತುಂಬಾ ಮುಖ್ಯ. ಉಜ್ಜುತ್ತಿರೋ ಬ್ರೇಕ್ ಇಳಿಜಾರಿನಲ್ಲಿ ಇನ್ನಷ್ಟು ಕಾಯುತ್ತದೆ. ಬ್ರೇಕ್ ಆಯಿಲ್ ತೇವ ಹೀರೋ ಗುಣದ್ದು, ಹಳೆಯದಾದಷ್ಟೂ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಕುದಿದರೆ ಪೆಡಲ್ ಮೆತ್ತಗಾಗಿ ಕೆಳಗೆ ಇಳಿದುಬಿಡುತ್ತದೆ, ಗಾಡಿ ನಿಲ್ಲೋದಿಲ್ಲ. ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಹೋಗೋರು ಕೊಟ್ಟಿಗೆಹಾರದಲ್ಲಿ ಕಾಫಿಗೆ ನಿಂತಾಗ ಚಕ್ರದ ಕಾವನ್ನು ಇನ್ನೊಮ್ಮೆ ನೋಡಿಕೊಳ್ಳಲಿ. ಕುದುರೆಮುಖದ ಮೇಲೆ ಕಾರ್ಕಳಕ್ಕೆ ಇಳಿಯೋ ಕಳಸದವರೂ ಅಷ್ಟೇ. ಅನುಮಾನ ಇದ್ದರೆ ಆ ದಿನ ಬಸ್ಸೋ ಬಾಡಿಗೆ ಗಾಡಿಯೋ ಹಿಡಿಯೋದು ಒಳ್ಳೇದು.

ನಿಲ್ಲಿಸೋವಾಗಲೇ ಹೀಗೆ ಮಾಡಿ

ಸಮತಟ್ಟಾದ ಜಾಗ, ಅಂದರೆ ಮನೆ ಅಂಗಳ, ಕಾಫಿ ಕಣ, ಶೆಡ್ಡು: ಫಸ್ಟ್ ಗೇರ್ ಹಾಕಿ, ಚಕ್ರಕ್ಕೆ ಎರಡೂ ಬದಿ ಕಲ್ಲು ಅಥವಾ ಮರದ ತುಂಡು ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿಯೇ ಬಿಡಿ. ಒಂದು ರಾತ್ರಿಗಿಂತ ಹೆಚ್ಚು ನಿಲ್ಲೋದಾದರೆ ಇದೇ ಸರಿ.

ಏರು, ಇಳಿಜಾರು: ಇಲ್ಲಿ ಹ್ಯಾಂಡ್ ಬ್ರೇಕ್ ಹಾಕಲೇಬೇಕು. ಮೂತಿ ಮೇಲಕ್ಕಿದ್ದರೆ ಫಸ್ಟ್ ಗೇರ್, ಕೆಳಕ್ಕಿದ್ದರೆ ರಿವರ್ಸ್. ಸ್ಟೇರಿಂಗನ್ನು ಧರೆಯ ಕಡೆ ತಿರುಗಿಸಿಡಿ, ಜಾರಿದರೂ ಧರೆಗೆ ಒರಗಿ ನಿಲ್ಲುತ್ತದೆ. ಇಳಿಜಾರಿನ ಬದಿಯಿಂದ ಕಲ್ಲು ಕೊಡಿ. ಹೊರಡೋವಾಗ ಆ ಕಲ್ಲು ತೆಗೆದು ಬದಿಗಿಡಿ, ಕತ್ತಲಲ್ಲಿ ಬೈಕಿನವರು ಎಡವಿ ಬೀಳುತ್ತಾರೆ.

ಆಟೋಮ್ಯಾಟಿಕ್ ಕಾರು: ಇಳಿಜಾರಿನಲ್ಲಿ ‘ಪಿ’ ಒಂದನ್ನೇ ನಂಬಬೇಡಿ. ಕಾಲಿನ ಬ್ರೇಕ್ ಒತ್ತಿಕೊಂಡೇ ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ‘ಪಿ’ಗೆ ಹಾಕಿ.

ಅಂಗಡಿ ಸಾಮಾನು ತುಂಬಿದ ಓಮ್ನಿ, ಪಿಕಪ್‌ಗಳನ್ನು ರಾತ್ರಿ ಇಳಿಜಾರಿನಲ್ಲಿ ಬಿಡದಿದ್ದರೆ ಒಳ್ಳೇದು. ತೂಕ ಹೆಚ್ಚಿದಷ್ಟೂ ಬ್ರೇಕಿಗೂ ಕಲ್ಲಿಗೂ ಭಾರ ಜಾಸ್ತಿ. ಮಳೆಯಲ್ಲಿ ಓಡಿಸಿ ಬಂದಾಗ ಮನೆ ಹತ್ತಿರದ ಕೊನೆಯ ಒಂದಿಷ್ಟು ದೂರ ಹಗುರವಾಗಿ ಬ್ರೇಕ್ ಒತ್ತುತ್ತಾ ಬಂದರೆ ಡ್ರಮ್ ಆರುತ್ತದೆ. ಹೊರಗೆ ಹೋಗೋ ಕೆಲಸ ಇಲ್ಲದಿದ್ದರೂ ಎರಡು ದಿನಕ್ಕೊಮ್ಮೆ ಕಾರನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಡಿ.

ಗ್ಯಾರೇಜಿಗೆ ಯಾವಾಗ?

ಅದೇ ಚಕ್ರ ಪದೇ ಪದೇ ಹಿಡ್ಕೊಳ್ಳುತ್ತಿದ್ದರೆ, ಮೈಲೇಜ್ ಇದ್ದಕ್ಕಿದ್ದಂತೆ ಇಳಿದಿದ್ದರೆ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆದರೆ ತಡ ಮಾಡಬೇಡಿ. ಮೇ ತಿಂಗಳಲ್ಲೇ ಡ್ರಮ್ ಬಿಚ್ಚಿಸಿ ಕ್ಲೀನ್ ಮಾಡಿಸಿ, ಕೇಬಲ್ ಕವಚ ನೋಡಿಸಿ, ಬ್ರೇಕ್ ಆಯಿಲ್ ಹಾಕಿಸಿ ಎರಡು ವರ್ಷ ದಾಟಿದ್ದರೆ ಬದಲಾಯಿಸಿಕೊಂಡರೆ ಮಳೆಗಾಲ ಆರಾಮವಾಗಿ ಕಳೆಯುತ್ತದೆ. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಎಲ್ಲರ ಗಾಡಿಯೂ ಒಟ್ಟಿಗೇ ಗ್ಯಾರೇಜಿನ ಬಾಗಿಲಿಗೆ ಬಂದಿರುತ್ತವೆ.